ಗುಡ್ಡದ ಕಡೆಯಿಂದ ಬಂದ ನನ್ನ ಕೂಗು

ದೆವ್ವ, ಗಾಳಿ, ಮಾಟ ಎಂದು ಯಾರಾದರೂ ಮಾತು ತೆಗೆದರೆ ನಾನು ಮೊದಲು ನಗುತ್ತಿದ್ದೆ, ಆಮೇಲೆ ಜಗಳಕ್ಕೆ ನಿಲ್ಲುತ್ತಿದ್ದೆ. ಪತ್ರಿಕೆಗಳಲ್ಲಿ ಬರುವ ಇಂಥ ಅನುಭವದ ಬರಹಗಳನ್ನು ಹಾಸ್ಟೆಲಿನಲ್ಲಿ ಗಟ್ಟಿಯಾಗಿ ಓದಿ, ಬರೆದವರು ಎಲ್ಲಿ ಎಡವಿದ್ದಾರೆ ಎಂದು ತೋರಿಸಿ ಗೆಳತಿಯರನ್ನು ನಗಿಸುವುದು ನನಗೊಂದು ಚಟವೇ ಆಗಿತ್ತು. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನೀವೂ ನನ್ನ ಬರಹದಲ್ಲಿ ತಪ್ಪು ಹುಡುಕಿ, ಬೇಡ ಎನ್ನುವುದಿಲ್ಲ. ಸಿಕ್ಕರೆ ನನಗೂ ತಿಳಿಸಿ. ನಾನು ಹುಡುಕಿ ಹುಡುಕಿ ಸೋತಿದ್ದೇನೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನನಗೆ ಅನುಮಾನ ಜಾಸ್ತಿ. ಹಾಲಿನವನು ನಕ್ಕು ಮಾತಾಡಿಸಿದರೆ ಇವತ್ತು ನೀರು ಹೆಚ್ಚು ಬೆರೆಸಿದ್ದಾನೆ ಎಂದುಕೊಳ್ಳುವ ಪೈಕಿ ನಾನು. ಭೌತಶಾಸ್ತ್ರ ಓದಿದ್ದು ಈ ಬುದ್ಧಿಗೆ ಇನ್ನಷ್ಟು ಸಾಣೆ ಹಿಡಿಯಿತು. ಹಾಗಾಗಿ ಆ ಚಳಿಗಾಲದ ರಜೆಯಲ್ಲಿ ನಡೆದದ್ದನ್ನು ನಾನು ಸುಲಭವಾಗಿ ಒಪ್ಪಿಕೊಂಡೆ ಎಂದು ತಿಳಿಯಬೇಡಿ.

ನಮ್ಮದು ಹೊಳಲ್ಕೆರೆ ತಾಲ್ಲೂಕಿನಲ್ಲಿ ರಾಮಗಿರಿ ಸ್ಟೇಷನ್ನಿಗೆ ಹತ್ತಿರದ ಒಂದು ಸಣ್ಣ ಊರು. ಅಪ್ಪ, ಚಿಕ್ಕಪ್ಪ ಒಟ್ಟಿಗೇ ಇದ್ದಾರೆ. ಹೊಲವಿದೆ, ಆದರೆ ಮನೆತನದ ಕಸುಬು ಕುರಿ. ಮನೆಯ ಹಿಂದೆ ಮುಳ್ಳುಬೇಲಿಯ ರೊಪ್ಪ. ರಾತ್ರಿ ಕುರಿಗಳು ಅದರೊಳಗೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಅವನ್ನು ಊರಾಚೆಯ ಕಾವಲಿಗೆ ಮೇಯಲು ಹೊಡೆದುಕೊಂಡು ಹೋಗಿ ಹೊತ್ತು ಮುಳುಗುವಾಗ ವಾಪಸ್ ತರುತ್ತೇವೆ. ಕಾವಲಿನ ಕೊನೆಗೆ ಬೋಳು ಗುಡ್ಡ. ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರಗಳು. ನಮ್ಮವರು ಅವನ್ನು ಫ್ಯಾನು ಎನ್ನುತ್ತಾರೆ.

ಕುರಿ ಕಾಯುವ ಪ್ರತಿಯೊಬ್ಬರಿಗೂ ಅವರದೇ ಒಂದು ಕೂಗು ಇರುತ್ತದೆ. ಚದುರಿದ ಕುರಿಗಳನ್ನು ಒಂದುಗೂಡಿಸಲು ಕೂಗುವ ಕೂಗು. ಅಪ್ಪನದು ಹೊಟ್ಟೆಯಿಂದ ಬರುವ ದಪ್ಪ ದನಿ, ಚಿಕ್ಕಪ್ಪನದು ನಾಲಿಗೆ ಮಡಿಸಿ ಹಾಕುವ ಸಿಳ್ಳೆ. ಕುರಿಗಳು ತಮ್ಮ ಯಜಮಾನನ ಕೂಗಿಗೆ ಮಾತ್ರ ತಲೆ ಎತ್ತುತ್ತವೆ. ನಮ್ಮ ಕಡೆ ಒಬ್ಬರ ಕೂಗನ್ನು ಇನ್ನೊಬ್ಬರು ತಮಾಷೆಗೂ ಕೂಗುವುದಿಲ್ಲ. ಕೂಗಿದರೆ ಅದು ಕುರಿ ಕದ್ದದ್ದಕ್ಕೆ ಸಮ. ಮಬ್ಬಿನಲ್ಲಿ ಮುಖ ಕಾಣದಿದ್ದರೂ ಕೂಗು ಕೇಳಿದರೆ ಸಾಕು, ಇಂಥವರು ಅಲ್ಲಿದ್ದಾರೆ ಎಂದು ಆಣೆ ಮಾಡಿ ಹೇಳುತ್ತಾರೆ. ಕೂಗು ಇದ್ದ ಕಡೆ ಆಳು ಇರಲೇಬೇಕು. ಈ ನಂಬಿಕೆಯೇ ನನ್ನ ಕೊರಳಿಗೆ ಬಂತು.

ನನಗೂ ಒಂದು ಕೂಗು ಇದೆ. ಹೆಣ್ಣುಮಕ್ಕಳು ಕಾವಲಿಗೆ ಹೋಗುವುದು ನಮ್ಮಲ್ಲಿ ಅಪರೂಪ. ಆದರೆ ನಾನು ಡಿಗ್ರಿಯಲ್ಲಿದ್ದಾಗ ಲಾಕ್‌ಡೌನ್ ಆಗಿ ಮನೆಯಲ್ಲೇ ಉಳಿದೆ. ಅದೇ ಸಮಯಕ್ಕೆ ಅಪ್ಪ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಚಿಕ್ಕಪ್ಪ ಹೊಲ ನೋಡಿಕೊಂಡರೆ ಕುರಿ ನನ್ನ ಪಾಲಿಗೆ ಬಂತು. ಅಪ್ಪನ ದಪ್ಪ ಕೂಗು ನನಗೆ ಬರಲಿಲ್ಲ. ತುಟಿ ನಡುಗಿಸುತ್ತ ಸಣ್ಣಗೆ ಶುರುಮಾಡಿ, ದನಿಯನ್ನು ಮೇಲೇರಿಸಿ ಎಳೆದೆ. ಉಸಿರು ಸಾಲದೆ ಕೊನೆಯಲ್ಲಿ ಬಿಕ್ಕಳಿಕೆಯಂತೆ ಎರಡು ಸಲ ತುಂಡಾಗುತ್ತಿತ್ತು. ಆ ತುಂಡೇ ನನ್ನ ಗುರುತಾಯಿತು. ಆ ವರ್ಷ ಹುಟ್ಟಿದ ಮರಿಗಳಂತೂ ನನ್ನ ಕೂಗಿಗೆ ಬಿದ್ದೂ ಎದ್ದೂ ಓಡಿಬರುತ್ತಿದ್ದವು. ಅಪ್ಪನಿಗೆ ಅದರಲ್ಲಿ ಹೆಮ್ಮೆಯೂ ಇತ್ತು, ಸಣ್ಣ ಹೊಟ್ಟೆಕಿಚ್ಚೂ ಇತ್ತು.

ಡಿಗ್ರಿ ಮುಗಿದ ಮೇಲೆ ಧಾರವಾಡದಲ್ಲಿ ಎಂ.ಎಸ್ಸಿ.ಗೆ ಸೀಟು ಸಿಕ್ಕಿತು. ಅಷ್ಟು ದೂರ ಯಾಕೆ ಎಂದು ಚಿಕ್ಕಪ್ಪ ತಕರಾರು ತೆಗೆದ. ಚಿಕ್ಕಮ್ಮನ ತಮ್ಮ ಹೊಸದುರ್ಗದಲ್ಲಿ ಲೈನ್‌ಮ್ಯಾನ್. ಅವನಿಗೆ ನನ್ನನ್ನು ತಂದುಕೊಳ್ಳಬೇಕೆಂದು ಗಂಡಹೆಂಡತಿಗೆ ಮೊದಲಿನಿಂದ ಆಸೆ. ಅಪ್ಪ ಮಾತ್ರ, ಅವಳು ಓದಲಿ, ಅವಳ ಮೇಲೆ ನನಗೆ ನಂಬಿಕೆ ಇದೆ ಎಂದು ಹೇಳಿ ಕಳಿಸಿದ. ನಂಟರಿಷ್ಟರೆಲ್ಲ ಒಂದು ಕಡೆ, ಅಪ್ಪ ಒಬ್ಬನೇ ಇನ್ನೊಂದು ಕಡೆ. ಆ ನಂಬಿಕೆ ಒಂದನ್ನೇ ಹಿಡಿದುಕೊಂಡು ನಾನು ಕೊನೆಯ ವರ್ಷದವರೆಗೆ ಬಂದಿದ್ದೆ. ಒಂದು ಸೆಮಿಸ್ಟರ್ ಉಳಿದಿತ್ತು, ನಡುವೆ ಡಿಸೆಂಬರಿನ ರಜೆ.

ಮಧ್ಯಾಹ್ನದ ಪ್ಯಾಸೆಂಜರಿನಲ್ಲಿ ರಾಮಗಿರಿಯಲ್ಲಿ ಇಳಿದೆ. ಜೊತೆಗೆ ಬಂದ ಗೆಳತಿ ಮುಂದೆ ಕಡೂರಿಗೆ ಹೋಗುವವಳು, ಇಬ್ಬರ ಟಿಕೆಟ್ಟೂ ಅವಳ ಹತ್ತಿರವೇ ಉಳಿಯಿತು. ಯಾವಾಗಲೂ ಅಪ್ಪ ಬೈಕ್ ತಂದು ಬೇವಿನ ಮರದ ಕೆಳಗೆ ಕಾಯುತ್ತಿರುತ್ತಿದ್ದ. ಅವತ್ತು ಯಾರೂ ಇರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಆಟೋ ಹಿಡಿದು ಊರಿಗೆ ಹೋದೆ.

ಮನೆಯ ಮುಂದೆ ಚಿಕ್ಕಪ್ಪ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ನನ್ನನ್ನು ನೋಡಿ ಎದ್ದು ಒಳಗೆ ಹೋದ. ಅವ್ವ ಬಾಗಿಲಿಗೆ ಬಂದಳು. ಅವಳ ಕಣ್ಣು ನನ್ನ ಮುಖಕ್ಕಿಂತ ಮೊದಲು ನನ್ನ ಸ್ವೆಟರಿನ ಮೇಲೆ ನಿಂತಿತು. ಸಾಸಿವೆ ಬಣ್ಣದ ಆ ಸ್ವೆಟರನ್ನು ನಾನು ಅದೇ ತಿಂಗಳು ಧಾರವಾಡದ ಸಂತೆಯಲ್ಲಿ ಕೊಂಡಿದ್ದೆ. ಹೇಗಿದೆ ಎಂದು ಕೇಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಮುಖ ಬಿಳಿಚಿಕೊಂಡಿತು. ನೀರು ಕೊಟ್ಟಳು, ಉಣ್ಣಲು ಇಟ್ಟಳು, ಒಂದು ಮಾತೂ ಆಡಲಿಲ್ಲ. ಹಿತಕಿದ ಅವರೆಬೇಳೆಯ ಸಾರು ಮಾಡಿದ್ದಳು. ನನಗೆಂದೇ ಮಾಡಿದ ಸಾರನ್ನು ನನಗೆ ಹೀಗೆ ಬಡಿಸುವುದು ಎಂದರೇನು ಎಂದು ನನಗೆ ಕೋಪವೂ ಬಂತು, ದಿಗಿಲೂ ಆಯಿತು.

ಚಿಕ್ಕಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಕೇಳಿದಳು.

“ನಿನ್ನೇನೇ ಬಂದೋಳು ಮನೀಗ್ಯಾಕೆ ಬರ್ಲಿಲ್ಲ?”

ನಿನ್ನೆ ನಾನು ಧಾರವಾಡದಲ್ಲಿದ್ದೆ ಎಂದೆ. ಅವಳು ಅವ್ವನ ಮುಖ ನೋಡಿ ಹಿತ್ತಲಿಗೆ ಹೋದಳು. ಆಮೇಲೆ ಅವ್ವ ನನ್ನ ಪಕ್ಕದಲ್ಲಿ ಕೂತು ಹಿಂದಿನ ಸಂಜೆ ನಡೆದದ್ದನ್ನು ಸಣ್ಣ ದನಿಯಲ್ಲಿ ಹೇಳಿದಳು. ಅವಳು ಹೇಳಿದ್ದು ಇಷ್ಟು.

ಗುಡ್ಡದ ಕಡೆ ಚಿರತೆ ಕಂಡಿದೆ ಎಂದು ಊರಲ್ಲಿ ಸುದ್ದಿಯಾಗಿತ್ತು. ಹಿಂದಿನ ಸಂಜೆ ಕುರಿಗಳಲ್ಲಿ ಒಂದು ಗುಂಪು ಹಿಂಡಿನಿಂದ ಬೇರೆಯಾಗಿ ಕಾಣದಾಯಿತು. ಅಪ್ಪ, ಚಿಕ್ಕಪ್ಪ ಇಬ್ಬರೂ ಕೂಗಿ ಕೂಗಿ ಹುಡುಕಿದರು. ಹೊತ್ತು ಮುಳುಗುವಾಗ ಫ್ಯಾನುಗಳ ಕಡೆಯಿಂದ ಒಂದು ಕೂಗು ಕೇಳಿತು. ಅದು ನನ್ನ ಕೂಗು. ಕಳೆದಿದ್ದ ಕುರಿಗಳು ಎಲ್ಲಿದ್ದವೋ, ಆ ಕೂಗಿನ ಕಡೆಗೆ ಗುಡ್ಡದ ನೆತ್ತಿಯಿಂದ ಇಳಿದು ಬಂದವು. ಇಳಿಜಾರಿನ ಬಂಡೆಯೊಂದರ ಪಕ್ಕದಲ್ಲಿ ನಾನು ನಿಂತದ್ದನ್ನು ಚಿಕ್ಕಪ್ಪ ನೋಡಿದ. ಸಾಸಿವೆ ಬಣ್ಣದ ಸ್ವೆಟರ್ ಹಾಕಿಕೊಂಡಿದ್ದೆನಂತೆ. ಅಪ್ಪ ಹೆಸರು ಹಿಡಿದು ಕರೆದರೆ ಬಂಡೆಯ ಹಿಂದೆ ಸರಿದೆನಂತೆ. ಮಗಳು ಒಂದು ದಿನ ಮೊದಲೇ ಬಂದಿದ್ದಾಳೆ, ತಮಾಷೆಗೆ ಕಾವಲಿಗೆ ಹೋಗಿದ್ದಾಳೆ ಎಂದುಕೊಂಡು ಅಪ್ಪ ಖುಷಿಯಿಂದ ಮನೆಗೆ ಬಂದು, ಅವಳು ಬರುತ್ತಾಳೆ ಸ್ನಾನಕ್ಕೆ ನೀರು ಕಾಯಿಸು ಎಂದಿದ್ದ. ಅವ್ವ ಹಂಡೆಗೆ ಬೆಂಕಿ ಹಾಕಿ ಕಾದಳು. ನಾನು ಬರಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್.

ಸ್ವಿಚ್ ಆಫ್ ಆಗಿದ್ದು ನಿಜ. ನನ್ನ ಫೋನಿನ ಬ್ಯಾಟರಿ ಹಳೆಯದು, ಸಂಜೆ ಸತ್ತಿತ್ತು. ನಾನು ಬಟ್ಟೆ ತುಂಬುವ ಗಡಿಬಿಡಿಯಲ್ಲಿದ್ದೆ. ಇಷ್ಟೇ ವಿಷಯ. ಆದರೆ ಅವ್ವನ ಮುಂದೆ ಹೇಳುವಾಗ ನನಗೇ ಅದು ಕಟ್ಟಿದ ಮಾತಿನಂತೆ ಕೇಳಿಸಿತು.

“ನೋಡವ್ವಾ, ಏನೈತೋ ಅದನ್ನ ನಂತಾವ ಹೇಳಿಬಿಡು,” ಎಂದಳು ಅವ್ವ. “ನಿಮ್ಮಪ್ಪಂಗೆ ನಾನು ನಿಧಾನಕ್ಕೆ ಹೇಳ್ತೀನಿ.”

ಅವಳು ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಅವಳ ಲೆಕ್ಕ ನನಗೆ ತಿಳಿಯಿತು. ಹಿಂದಿನ ದಿನವೇ ಊರಿಗೆ ಬಂದಿದ್ದಾಳೆ, ಮನೆಗೆ ಬಂದಿಲ್ಲ, ರಾತ್ರಿ ಇನ್ನೆಲ್ಲೋ ಇದ್ದಳು, ಒಬ್ಬಳೇ ಇದ್ದಿರಲಾರಳು. ಮದುವೆಯಾಗದ ಹುಡುಗಿಯ ಲೆಕ್ಕಕ್ಕೆ ಬಾರದ ಒಂದು ರಾತ್ರಿ ನಮ್ಮಂಥ ಮನೆಗಳಲ್ಲಿ ಏನು ಮಾಡಬಲ್ಲದು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಸಂಜೆ ಅಪ್ಪ ಕುರಿ ರೊಪ್ಪಕ್ಕೆ ಕೂಡಿ ಒಳಗೆ ಬಂದ. ಕೈಕಾಲು ತೊಳೆದು ಗೋಡೆಗೆ ಒರಗಿ ಕೂತ. ಎಲ್ಲರೂ ಇದ್ದರು. ನಿನ್ನೆ ಸಂಜೆ ಎಲ್ಲಿದ್ದೆ ಎಂದು ಒಂದೇ ಸಲ ಕೇಳಿದ. ಹಾಸ್ಟೆಲಿನಲ್ಲಿ ಎಂದೆ. ರೂಮಿನ ಗೆಳತಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿ ಇಟ್ಟೆ. ಪಾಪ, ಅವಳು ಸಂಜೆಯೆಲ್ಲ ಇವಳು ನನ್ನ ಕಣ್ಣೆದುರೇ ಇದ್ದಳು ಎಂದು ಹೇಳಿದಳು. ಗೆಳತಿಯರು ಇನ್ನೇನು ಹೇಳುತ್ತಾರೆ ಎಂದ ಚಿಕ್ಕಪ್ಪ. ಟಿಕೆಟ್ ಎಲ್ಲಿ ಎಂದ. ಟಿಕೆಟ್ ಕಡೂರಿಗೆ ಹೋಗಿತ್ತು, ಗೆಳತಿ ಇಳಿದ ಕೂಡಲೇ ಅದನ್ನು ಎಸೆದಿದ್ದಳು. ಅಪ್ಪ ನನ್ನ ಮುಖವನ್ನು ಬಿಟ್ಟು ಮನೆಯ ಉಳಿದ ಎಲ್ಲವನ್ನೂ ನೋಡುತ್ತ ಕೂತಿದ್ದ. ಅಪ್ಪ ನನ್ನ ಕೂಗನ್ನು ತನ್ನ ಕಿವಿಯಿಂದ ಕೇಳಿದ್ದ, ಅದಕ್ಕೆ ಕುರಿಗಳು ಓಗೊಟ್ಟದ್ದನ್ನು ನೋಡಿದ್ದ. ಕುರಿಗಳು ಸುಳ್ಳು ಹೇಳುತ್ತವೆ ಎಂದು ಅವನು ಹೇಗೆ ನಂಬಬೇಕು?

ಮಾರನೆಯ ದಿನ ಮನೆಯ ಗಾಳಿಯೇ ಬದಲಾಗಿತ್ತು. ನಾನು ಹಿತ್ತಲಿಗೆ ಹೋದರೆ ಚಿಕ್ಕಮ್ಮ ಹಿಂದೆಯೇ ಬರುತ್ತಿದ್ದಳು. ಫೋನ್ ಕೈಗೆತ್ತಿಕೊಂಡರೆ ಅವ್ವ ಮೆಲ್ಲಗೆ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಹೊಸದುರ್ಗದವರು ಭಾನುವಾರ ಹೆಣ್ಣು ನೋಡಲು ಬರುತ್ತಾರೆ ಎಂಬ ಸುದ್ದಿ ನನ್ನ ಕಿವಿಗೆ ಬಿತ್ತು. ಅಪ್ಪ ಬೇಡವೆಂದಿರಲಿಲ್ಲ. ಕೊನೆಯ ಸೆಮಿಸ್ಟರಿಗೆ ಹೋಗುವ ಮಾತನ್ನು ನಾನೂ ಎತ್ತಲಿಲ್ಲ. ಎತ್ತಿದರೆ ಇಲ್ಲ ಎಂಬ ಉತ್ತರ ಬರುತ್ತದೆ ಎಂದು ಗೊತ್ತಿತ್ತು.

ಇಷ್ಟಾದ ಮೇಲೆ ನನ್ನ ಅನುಮಾನ ಸುಮ್ಮನಿರುತ್ತದೆಯೇ? ಎಲ್ಲವೂ ಚಿಕ್ಕಪ್ಪನಿಗೆ ಅನುಕೂಲವಾಗಿಯೇ ನಡೆದಿತ್ತು. ಕಂಡವನು ಅವನು, ಟಿಕೆಟ್ ಕೇಳಿದವನು ಅವನು, ಗಂಡು ಅವನ ಭಾಮೈದ. ಯೋಚಿಸಿ ನೋಡಿದಾಗ ದಾರಿಯೂ ಹೊಳೆಯಿತು. ಹಿಂದೊಮ್ಮೆ ನಾನು ಕುರಿ ಕರೆಯುವುದನ್ನು ವಿಡಿಯೋ ಮಾಡಿ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದೆ. ಚಿಕ್ಕಪ್ಪನ ಹತ್ತಿರ ಬ್ಲೂಟೂತ್ ಸ್ಪೀಕರ್ ಇತ್ತು. ಬಂಡೆಯ ಹಿಂದೆ ಸ್ಪೀಕರ್ ಇಟ್ಟು ವಿಡಿಯೋ ಹಾಕಿದರೆ ಮುಗಿಯಿತು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಅವತ್ತು ಹೊಟ್ಟೆ ತುಂಬ ಉಂಡೆ.

ಅದೇ ಸಂಜೆ, ಅಪ್ಪ ರೊಪ್ಪದ ಬಾಗಿಲಿಗೆ ಅಡ್ಡಗೋಲು ಹಾಕಿ ಒಳಗೆ ಹೋದ ಮೇಲೆ, ಆ ಸ್ಪೀಕರನ್ನೇ ತಂದು ಬೇಲಿಯ ಆಚೆ ಇಟ್ಟು ನನ್ನ ವಿಡಿಯೋ ಹಾಕಿದೆ. ದನಿ ಜೋರಾಗಿಯೇ ಬಂತು. ಕೆಲವು ಕುರಿಗಳು ಕಿವಿ ನೆಟ್ಟಗೆ ಮಾಡಿ ತಲೆ ಎತ್ತಿದವು. ಒಂದೂ ಹೆಜ್ಜೆ ಮುಂದಿಡಲಿಲ್ಲ. ಮತ್ತೆ ಹಾಕಿದೆ. ಮೆಲುಕು ಹಾಕುತ್ತ ಮಲಗಿದವು. ಆಮೇಲೆ ಸ್ಪೀಕರ್ ಆಫ್ ಮಾಡಿ ನಾನೇ ಸಣ್ಣಗೆ ಕೂಗಿದೆ. ಮಲಗಿದ್ದವು ಎದ್ದು ಬೇಲಿಯ ಮುಳ್ಳನ್ನೂ ಲೆಕ್ಕಿಸದೆ ನನ್ನ ಕಡೆ ನುಗ್ಗಿದವು. ಸ್ಪೀಕರಿನ ದನಿಗೆ ಇಳಿಜಾರು ಇಳಿದು ಬರುವ ಕುರಿಗಳಲ್ಲ ಅವು.

ಹಾಗಾದರೆ ಚಿಕ್ಕಪ್ಪನನ್ನೇ ಕೇಳುವುದು ಎಂದು ಹೋದೆ. ನನ್ನ ಮದುವೆಗಾಗಿ ಇದನ್ನೆಲ್ಲ ಕಟ್ಟಿದೆಯಾ ಎಂದು ಮುಖಕ್ಕೆ ಹೊಡೆದಂತೆ ಕೇಳಿದೆ. ಅವನು ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಅವನು ಕೈಯಲ್ಲಿದ್ದ ಹಗ್ಗ ಕೆಳಗಿಟ್ಟ.

“ನಿನ್ನ ನಮ್ಮ ಹುಡುಗಂಗೆ ತಂದ್ಕಬೇಕು ಅಂತ ಆಸೆ ಐತೆ, ಇಲ್ಲ ಅನ್ನಲ್ಲ,” ಎಂದ. “ಅದಕ್ಕೇಂತ ನಮ್ಮನೆ ಹುಡುಗಿ ಮ್ಯಾಲೆ ಇಂಥ ಮಾತು ಕಟ್ಟೋನಲ್ಲ ಕಣಮ್ಮ. ಆ ಸ್ವೆಟರು ಹಾಕ್ಕಂಡು ನೀನೇ ನಿಂತಿದ್ದೆ. ನಾನು ಅದನ್ನ ನೋಡಿ ಹೇಳಿದ್ದು, ಕೇಳಿ ಹೇಳಿದ್ದಲ್ಲ.”

ಆ ಸ್ವೆಟರ್ ಹಾಕಿಕೊಂಡ ಒಂದು ಫೋಟೋವನ್ನೂ ನಾನು ಯಾರಿಗೂ ಕಳಿಸಿರಲಿಲ್ಲ. ಚಿಕ್ಕಪ್ಪ ಅದರ ಬಣ್ಣವನ್ನು ಅವ್ವನಿಗೆ ಹೇಳಿದ್ದು ನಾನು ಊರಿಗೆ ಬರುವ ಹಿಂದಿನ ಸಂಜೆ. ಅವನನ್ನು ಸುಳ್ಳುಗಾರ ಎನ್ನಲು ನನಗೆ ಮನಸ್ಸಿತ್ತು, ದಾರಿ ಇರಲಿಲ್ಲ. ಒಳಗೆ ಹೋಗಿ ಸ್ವೆಟರನ್ನು ಬ್ಯಾಗಿನ ತಳಕ್ಕೆ ತುರುಕಿದೆ. ಆ ಚಳಿಯಲ್ಲಿ ಉಳಿದ ದಿನವೆಲ್ಲ ಅವ್ವನ ಹಳೆಯ ಶಾಲು ಹೊದ್ದೇ ಓಡಾಡಿದೆ.

ಭಾನುವಾರಕ್ಕೆ ಇನ್ನೊಂದೇ ದಿನ ಇತ್ತು. ಮಧ್ಯಾಹ್ನದ ಮೇಲೆ ಅಪ್ಪ ಬಾಗಿಲಲ್ಲಿ ನಿಂತು, “ಕುರಿ ಹೊಡ್ಕಂಬರಾಕೆ ಬಾ, ಹೋಗಾಣ,” ಎಂದ. ನಾನು ಬಂದ ಮೇಲೆ ಅವನು ನನ್ನೊಡನೆ ಆಡಿದ ಎರಡನೆಯ ಮಾತು ಅದು. ಇದೊಂದು ಪರೀಕ್ಷೆ ಎಂದು ನನಗೆ ಅರ್ಥವಾಯಿತು. ಯಾವುದರ ಪರೀಕ್ಷೆ ಎಂದು ಮಾತ್ರ ಅರ್ಥವಾಗಲಿಲ್ಲ. ಶಾಲು ಸುತ್ತಿಕೊಂಡು ಹೊರಟೆ.

ಕಾವಲಿಗೆ ಹೋಗುವ ದಾರಿಯಲ್ಲಿ ರಾಗಿ ಕೊಯ್ದ ಹೊಲಗಳು, ಅಲ್ಲಲ್ಲಿ ಮೆದೆ. ಅಪ್ಪ ಮುಂದೆ, ನಾನು ಹಿಂದೆ. ಏನಾದರೂ ಮಾತಾಡಲಿ ಎಂದು ಕಾದೆ. ಅವನು ಮಾತಾಡಲಿಲ್ಲ, ನಾನೂ ಬಿಂಕದಿಂದ ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ ಅಳು ಒತ್ತರಿಸಿ ಬರುತ್ತಿತ್ತು. ಜಗತ್ತಿನಲ್ಲಿ ನನ್ನನ್ನು ನಂಬಿದ ಒಬ್ಬ ಮನುಷ್ಯ ನನ್ನ ಮುಂದೆ ನಡೆಯುತ್ತಿದ್ದ. ಅವನಿಗೆ ನನ್ನ ಮೇಲೆ ನಂಬಿಕೆ ಹೋಗಿದೆ ಎಂದು ಅವನ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

ನಮ್ಮ ಹಿಂಡು ಕಾವಲಿನ ತುಂಬ ಹರಡಿಕೊಂಡು ಮೇಯುತ್ತಿತ್ತು. ಮಧ್ಯಾಹ್ನದಿಂದ ಕಾಯುತ್ತಿದ್ದ ಚಿಕ್ಕಪ್ಪ ನಮ್ಮನ್ನು ನೋಡಿ ಈಚಲು ಪೊದೆಯ ಹತ್ತಿರ ಎದ್ದು ನಿಂತ. ಸೂರ್ಯ ಗುಡ್ಡದ ಹಿಂದೆ ಇಳಿದಿದ್ದ, ಆದರೆ ಬೆಳಕು ಚೆನ್ನಾಗಿಯೇ ಇತ್ತು. ಅಪ್ಪ ನನ್ನ ಕಡೆ ತಿರುಗಿ ಕೂಗು ಎಂದ. ನಾನು ಕೂಗಿದೆ. ಕುರಿಗಳು ತಲೆ ಎತ್ತಿ, ನಾಲ್ಕೂ ಕಡೆಯಿಂದ ಓಡಿಬಂದು ನಮ್ಮನ್ನು ಸುತ್ತುವರಿದವು. ಲಾಕ್‌ಡೌನಿನ ವರ್ಷ ನನ್ನ ಕೈಯಲ್ಲಿ ಬೆಳೆದ, ಈಗ ಹಿಂಡಿಗೆ ಮುಂದಾಳಾದ ಕುರಿಯೊಂದು ಬಂದು ನನ್ನ ಮೊಣಕಾಲಿಗೆ ತಲೆ ತಿಕ್ಕಿತು. ಅಪ್ಪ ಅದನ್ನೇ ನೋಡುತ್ತಿದ್ದ. ನನ್ನ ಕೂಗು ಕೇಳಿ ಅವನ ಮುಖ ಇನ್ನಷ್ಟು ಇಳಿಯಿತು. ಅವತ್ತು ಕೇಳಿದ್ದು ಇದೇ ಕೂಗು ಎಂದು ಅವನಿಗೆ ಗಟ್ಟಿಯಾಯಿತು ಅಂತ ಕಾಣುತ್ತದೆ.

ನನಗೆ ಗಂಟಲು ಒಣಗಿತ್ತು. ಚಿಕ್ಕಪ್ಪ ಬಂದು ನೀರಿನ ಬಾಟಲಿ ಕೊಟ್ಟ. ನಾನು ಅದನ್ನು ಬಾಯಿಗಿಟ್ಟು ಕುಡಿಯುತ್ತಿದ್ದೆ, ಅಪ್ಪ ನನ್ನ ಎಡಕ್ಕೆ, ಚಿಕ್ಕಪ್ಪ ಎದುರಿಗೆ. ಆಗ ಗುಡ್ಡದ ಕಡೆಯಿಂದ ನನ್ನ ಕೂಗು ಬಂತು.

ಓದುವವರು ಇಲ್ಲಿ ನಗಬಹುದು, ನಾನಾದರೂ ನಗುತ್ತಿದ್ದೆ. ಹಾಗಾಗಿ ಕೇಳಿದ್ದನ್ನಷ್ಟೇ ಹೇಳುತ್ತೇನೆ. ತುಟಿ ನಡುಗಿಸುವ ಸಣ್ಣ ಶುರು, ಮೇಲೇರುವ ಎಳೆತ, ಕೊನೆಗೆ ಬಿಕ್ಕಳಿಕೆಯಂತೆ ಎರಡು ತುಂಡು. ಅದು ಪ್ರತಿಧ್ವನಿಯಲ್ಲ. ನಾನು ಕೂಗಿ ಬಹಳ ಹೊತ್ತಾಗಿತ್ತು, ಬಾಟಲಿಯಲ್ಲಿ ಅರ್ಧ ನೀರು ಖಾಲಿಯಾಗಿತ್ತು. ಬಾಯಲ್ಲಿದ್ದ ನೀರನ್ನು ನುಂಗಲಾರದೆ, ಉಗುಳಲಾರದೆ ನಿಂತೆ. ನನ್ನ ಮೊಣಕಾಲಿಗೆ ಒರಗಿದ್ದ ಕುರಿ ಕಿವಿ ನಿಮಿರಿಸಿ ಗುಡ್ಡದ ಕಡೆ ತಿರುಗಿತು. ಎರಡನೆಯ ಸಲ ಕೂಗು ಬಂತು. ಕುರಿ ನನ್ನನ್ನು ಬಿಟ್ಟು ಓಡಿತು. ಅದರ ಹಿಂದೆ ಇಡೀ ಹಿಂಡು ಓಡಿತು.

ಅಪ್ಪ ನನ್ನ ಮುಂಗೈ ಹಿಡಿದುಕೊಂಡ. ಹಿಡಿತ ಎಷ್ಟು ಬಿಗಿಯಿತ್ತೆಂದರೆ ಬಳೆ ಒಡೆದು ಕೈಗೆ ಚುಚ್ಚಿತು. ನನಗದು ಮನೆಗೆ ಬಂದ ಮೇಲೇ ತಿಳಿದದ್ದು. ಚಿಕ್ಕಪ್ಪ ನನ್ನ ಮುಖವನ್ನೊಮ್ಮೆ ಗುಡ್ಡವನ್ನೊಮ್ಮೆ ನೋಡುತ್ತಿದ್ದ. ನಾನೂ ಗುಡ್ಡದ ಕಡೆ ನೋಡಿದೆ. ಬಂಡೆಗಳು, ಒಣ ಹುಲ್ಲು, ನಿಧಾನಕ್ಕೆ ತಿರುಗುವ ಫ್ಯಾನುಗಳು. ನನಗೆ ಯಾರೂ ಕಾಣಲಿಲ್ಲ. ನನ್ನ ಕಣ್ಣಿಗೆ ಆಗಲೇ ಕನ್ನಡಕ ಇತ್ತು, ಅವತ್ತು ಅದನ್ನು ಮನೆಯಲ್ಲೇ ಬಿಟ್ಟಿದ್ದೆ ಎಂಬುದನ್ನೂ ಹೇಳಿಬಿಡಬೇಕು.

ಕುರಿಗಳು ಇಳಿಜಾರಿನ ಬುಡದವರೆಗೆ ಹೋಗಿದ್ದವು. ಅಪ್ಪ ನನ್ನ ಕೈ ಬಿಡದೆ ತನ್ನ ದಪ್ಪ ಕೂಗು ಹಾಕಿದ. ಕುರಿಗಳು ನಿಂತವು. ಮತ್ತೆ ಕೂಗಿದ. ಒಂದೊಂದಾಗಿ, ಮನಸ್ಸಿಲ್ಲದ ಮನಸ್ಸಿನಿಂದ ವಾಪಸ್ ಬಂದವು. ನಾನೂ ಕೂಗಲೇ ಎಂದು ಸನ್ನೆ ಮಾಡಿದೆ. ಅಪ್ಪ ಬೇಡವೆಂದು ತಲೆ ಅಲ್ಲಾಡಿಸಿದ. ಮನೆ ಮುಟ್ಟುವವರೆಗೆ ಅವನು ನನ್ನ ಮುಂಗೈ ಬಿಡಲಿಲ್ಲ. ಚಿಕ್ಕ ಹುಡುಗಿಯನ್ನು ರಸ್ತೆ ದಾಟಿಸುವಂತೆ ಕರೆದುಕೊಂಡು ಬಂದ. ಹೆದರಿಕೆಯಲ್ಲೂ ನನಗೆ ಅದರಿಂದ ಒಂದು ಸುಖವಾಯಿತು. ಅಪ್ಪನ ಕೈ ನನಗೆ ವಾಪಸ್ ಸಿಕ್ಕಿತ್ತು.

ಮನೆಗೆ ಬಂದ ಕೂಡಲೇ ಅಪ್ಪ ಚಿಕ್ಕಪ್ಪನಿಗೆ, “ನಾಳಿಕೆ ಬರೋರಿಗೆ ಬ್ಯಾಡ ಅಂತ ಹೇಳು,” ಎಂದ. ಚಿಕ್ಕಪ್ಪ ಎದುರಾಡಲಿಲ್ಲ. ಚಿಕ್ಕಮ್ಮ ಯಾಕೆಂದು ಕೇಳಿದಾಗ ಅವಳನ್ನು ಕರೆದುಕೊಂಡು ಹಿತ್ತಲಿಗೆ ಹೋಗಿ ಏನೋ ಹೇಳಿದ; ಆಮೇಲೆ ಅವಳೂ ಕೇಳಲಿಲ್ಲ. ಅವ್ವ ದೃಷ್ಟಿ ತೆಗೆದು ಒಲೆಗೆ ಹಾಕಿದಳು. ರಜೆ ಇನ್ನೂ ಉಳಿದಿತ್ತು, ಆದರೆ ಸೋಮವಾರವೇ ಅಪ್ಪ ನನ್ನನ್ನು ಸ್ಟೇಷನ್ನಿಗೆ ಬಿಟ್ಟು ಬಂದ. ರೈಲು ಹತ್ತುವಾಗ ಓದು ಮುಗಿಸಿಕೊಂಡೇ ಬಾ ಎಂದ. ನಾನು ಗೆದ್ದೆ ಎಂದುಕೊಂಡೆ. ರೈಲಿನಲ್ಲಿ ಕೂತು ಯಾರ ಹಂಗೂ ಇಲ್ಲದೆ ಚೆನ್ನಾಗಿ ಅತ್ತೆ.

ಓದು ಮುಗಿಯಿತು. ಈಗ ಹಿರಿಯೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಆ ಸಂಜೆಗೆ ಎಷ್ಟು ಕಾರಣ ಹುಡುಕಬಹುದೋ ಅಷ್ಟನ್ನೂ ಹುಡುಕಿದ್ದೇನೆ. ಬೇರೆ ಹಿಂಡಿನ ಹುಡುಗಿ ಯಾರಾದರೂ ನನ್ನ ಕೂಗು ಕಲಿತಿರಬಹುದೇ ಎಂದು ಸುತ್ತಲ ಹಟ್ಟಿಗಳಲ್ಲಿ ವಿಚಾರಿಸಿದೆ. ಅಂಥವರು ಯಾರೂ ಇಲ್ಲ. ಫ್ಯಾನು ಕಾಯುವ ವಾಚ್‌ಮನ್ನನನ್ನು ಕೇಳಿದೆ. ಆ ವಾರ ಮೇಲಕ್ಕೆ ಯಾರೂ ಬಂದಿರಲಿಲ್ಲ ಎಂದ. ದನಿ ಅಣಕಿಸುವ ಹಕ್ಕಿಗಳ ಬಗ್ಗೆ ಓದಿದೆ. ಗಾಳಿಯಂತ್ರದ ಸದ್ದು ಗಾಳಿಯ ಜೊತೆ ಸೇರಿ ಏನೇನು ಆಗಬಹುದೆಂದು ನನ್ನ ಗುರುಗಳ ಹತ್ತಿರ ಚರ್ಚೆ ಮಾಡಿದೆ. ಅವರು ಸಮಾಧಾನವಾಗಿ ಕೇಳಿ, ಆ ಸದ್ದಿಗೆ ನಿನ್ನ ಕುರಿಗಳು ಓಡಿದವೇ ಎಂದರು. ಓಡಿದವು ಎಂದೆ. ಅವರು ಚಹಾ ತರಿಸಿದರು.

ನನ್ನನ್ನು ಈಗ ಕಾಡುವುದು ಅದಲ್ಲ. ಅಂದಿನಿಂದ ಅಪ್ಪ ಬದಲಾದ. ಪ್ರೀತಿ ಕಡಿಮೆಯಾಗಿಲ್ಲ, ಹೆಚ್ಚಾಗಿದೆ ಎಂದೇ ಹೇಳಬೇಕು. ಆದರೆ ನಾನು ಊರಿಗೆ ಹೋದಾಗಲೆಲ್ಲ ಬಾಗಿಲಲ್ಲಿ ನನ್ನನ್ನು ಒಂದು ಗಳಿಗೆ ನಿಲ್ಲಿಸಿ ನೋಡುತ್ತಾನೆ. ಉಣ್ಣುವಾಗ ನೋಡುತ್ತಾನೆ. ನಾನು ಎಡಗೈಯಲ್ಲಿ ಏನಾದರೂ ಎತ್ತಿಕೊಂಡರೆ, ಸಾರಿಗೆ ಉಪ್ಪು ಸಾಲದು ಎಂದರೆ, ಮೊದಲು ನಾನು ಹಾಗೆ ಮಾಡುತ್ತಿದ್ದೆನೇ ಎಂದು ಅವ್ವನನ್ನು ಕೇಳುತ್ತಾನಂತೆ. ಹಿಂದೆ ಎಲ್ಲಿದ್ದೆ ಎಂದು ಅನುಮಾನಪಟ್ಟಿದ್ದ. ಅದಕ್ಕೆ ನಾನು ಉತ್ತರ ಕೊಡಬಹುದಿತ್ತು.

ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅಂಗಳದಲ್ಲಿ ಕೂತು ಇಬ್ಬರೂ ಅವರೆಕಾಯಿ ಬಿಡಿಸುತ್ತಿದ್ದೆವು. ಅವನು ನೋಡುತ್ತಿದ್ದ. ತಡೆಯಲಾರದೆ ಕೇಳಿದೆ.

“ಅವತ್ತು ಗುಡ್ಡದ ಮ್ಯಾಲೆ ನಿಂಗೇನಾರ ಕಾಣ್ತಾ ಅಪ್ಪಾ?”

ಅಪ್ಪ ಕೈಯಲ್ಲಿದ್ದ ಕಾಯನ್ನು ಪೂರ್ತಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದ.

“ಕಾಣ್ತು,” ಎಂದ. “ನೀನೇ ನಿಂತಿದ್ದೆ. ಮ್ಯಾಲೂ ನೀನೇ, ಇಲ್ಲೂ ನೀನೇ. ಒಬ್ಬಾಕಿ ಕೈ ನನ್ನ ಕೈಯಾಗಿತ್ತು. ಅದಕ್ಕೆ ಆಕಿನೇ ಮನೀಗೆ ಕರ್ಕಂಬಂದೆ.”

ನಾನು ನಗಲು ನೋಡಿದೆ. ಅಪ್ಪ ನಗಲಿಲ್ಲ. ನಾನೇ ಕಣಪ್ಪಾ ನಿನ್ನ ಮಗಳು ಎಂದು ಹೇಳಬೇಕೆನಿಸಿ ಬಾಯಿ ತೆರೆದೆ. ಗುಡ್ಡದ ಮೇಲಿನ ಅವಳಾಗಿದ್ದರೂ ಇದನ್ನೇ ಹೇಳುತ್ತಿದ್ದಳಲ್ಲ ಎಂದು ಹೊಳೆದು ಇನ್ನೊಂದು ಕಾಯಿ ಕೈಗೆತ್ತಿಕೊಂಡೆ.